ನರರೋಗಗಳನ್ನು ಬಿಡಿಸಿ ತೋರಿಸಿದ ವೈದ್ಯ ಶಾರ್ಕೊ

ನಮ್ಮ ಮನೆಗಳಲ್ಲಿ ಹಿರಿಯರೊಬ್ಬರ ಕೈಯಿಂದ ನೀರಿನ ಲೋಟ ಜಾರಿ ಬಿದ್ದರೆ, ಅಡಿಕೆ ಸುಲಿಯುತ್ತಿದ್ದ ಕೈಯ ಹಿಡಿತ ಸಡಿಲವಾದರೆ, ಮೆಟ್ಟಲು ಹತ್ತುವಾಗ ಕಾಲು ತೊಡರಿದರೆ ನಾವು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ನರ ಬಲಹೀನವಾಗಿದೆ. ವಾತವೆಂದು ಹೇಳುವುದುಂಟು, ಪ್ರಾಯದ ದೋಷವೆಂದು ಸಮಾಧಾನ ಪಟ್ಟುಕೊಳ್ಳುವುದೂ ಉಂಟು. ಆದರೆ ಕೈ ನಡುಗುವುದು ಬೇರೆ, ಕೈ ಸೋಲುವುದು ಬೇರೆ, ಕೈಯ ಮಾಂಸವೇ ಕರಗಿ ಹೋಗುವುದು ಬೇರೆ. ಇವು ಒಂದೇ ಕಾಯಿಲೆಯ ಹಲವು ಮುಖಗಳಲ್ಲ, ಹಲವು ಕಾಯಿಲೆಗಳು. ಒಂದೊಂದಕ್ಕೂ ಮಿದುಳಿನಲ್ಲಿ ಅಥವಾ ಬೆನ್ನುಹುರಿಯಲ್ಲಿ ಅದರದೇ ಆದ ಠಾವು ಇದೆ. ಈ ಸಂಗತಿಯನ್ನು ಕ್ರಮವಾಗಿ ತೋರಿಸಿಕೊಟ್ಟವರ ಮೊದಲ ಸಾಲಿನಲ್ಲಿ ನಿಲ್ಲುವವರು ಫ್ರಾನ್ಸ್ ದೇಶದ ವೈದ್ಯ ಜಾಂ ಮಾರ್ತಾಂ ಶಾರ್ಕೊ.

ಗಾಲಿಕುರ್ಚಿಯಲ್ಲಿ ಕುಳಿತು ವಿಶ್ವದ ಹುಟ್ಟನ್ನು ಕುರಿತು ಚಿಂತಿಸಿದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಚಿತ್ರವನ್ನು ಕಾಣದ ಓದುಗರು ವಿರಳ. 1963ರಲ್ಲಿ, 21ರ ಹರೆಯದಲ್ಲಿ, ಅವರಿಗೆ ಮೋಟಾರ್ ನ್ಯೂರಾನ್ ರೋಗ ಇದೆಯೆಂದು ವೈದ್ಯರು ತಿಳಿಸಿದರು. ಅವರು ಅದರೊಡನೆ ಹೋರಾಡುತ್ತ 2018ರವರೆಗೆ ಬಾಳಿದುದು ಅಪರೂಪದಲ್ಲಿ ಅಪರೂಪ. ಹಾಕಿಂಗ್ ಅವರ ಹೆಸರು ನಮಗೆ ಗೊತ್ತು. ಅವರ ದೇಹವನ್ನು ಕಟ್ಟಿಹಾಕಿದ ಆ ರೋಗವನ್ನು ಸುಮಾರು ನೂರು ವರ್ಷಗಳ ಮೊದಲೇ ಗುರುತಿಸಿ ಹೆಸರಿಟ್ಟ ವೈದ್ಯನ ಹೆಸರು ನಮ್ಮಲ್ಲಿ ಬಹುಮಂದಿಗೆ ಗೊತ್ತಿಲ್ಲ. ಫ್ರಾನ್ಸಿನಲ್ಲಿ ಮಾತ್ರ ಅದನ್ನು ಇಂದಿಗೂ ಶಾರ್ಕೊ ರೋಗವೆಂದೇ ಕರೆಯುತ್ತಾರೆ. ಆದುದರಿಂದ ಅವರ ಜೀವನದ ಕತೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಸಾರೋಟು ಮಾಡುವವನ ಮಗ

ಶಾರ್ಕೊ ಹುಟ್ಟಿದುದು 1825ರ ನವೆಂಬರ್ 29ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಕುದುರೆಗಾಡಿ, ಸಾರೋಟುಗಳನ್ನು ತಯಾರಿಸುವ ಕಸುಬಿನವರು. ಸಿರಿವಂತರ ಮನೆಯೇನೂ ಅಲ್ಲ. ಹುಡುಗ ಮಾತು ಕಡಮೆಯವನು. ಕೈಯಲ್ಲಿ ಸೀಸದ ಕಡ್ಡಿಯೊಂದಿದ್ದರೆ ಸಾಕು, ಕಂಡದ್ದನ್ನೆಲ್ಲ ಚಿತ್ರಿಸುತ್ತಿದ್ದ. ಚಿತ್ರಕಾರನಾಗುವುದೋ ವೈದ್ಯನಾಗುವುದೋ ಎಂಬ ತೊಳಲಾಟ ಅವನಿಗಿತ್ತು. ಕೊನೆಗೆ ವೈದ್ಯವಿದ್ಯೆಯೇ ಗೆದ್ದಿತು. ಆದರೆ ಚಿತ್ರಕಾರನ ಕಣ್ಣು ಅವನನ್ನು ಬಿಟ್ಟು ಹೋಗಲಿಲ್ಲ. ಮುಂದೆ ರೋಗಿಯ ನಡಿಗೆ, ಮುಖದ ಓರೆ, ಬೆರಳಿನ ಕೊಂಕು ಇವುಗಳನ್ನು ಕಂಡು ಹಿಡಿಯಲು ಆ ಕಣ್ಣೇ ಶಾರ್ಕೊ ಅವರಿಗೆ ದೊಡ್ಡ ಆಯುಧವಾಯಿತು.

1848ರಲ್ಲಿ ಅವರು ಪ್ಯಾರಿಸಿನ ಆಸ್ಪತ್ರೆಗಳಲ್ಲಿ ಅಂತರ್ವಾಸಿ ವೈದ್ಯರಾಗಿ ಆಯ್ಕೆಯಾದರು. 1853ರಲ್ಲಿ ಪದವಿಗಾಗಿ ಬರೆದ ಪ್ರಬಂಧದ ವಿಷಯ ಗಂಟುನೋವು. ಗೌಟ್ ಎಂಬ ಗಂಟುನೋವು ಬೇರೆ, ಬಹುಕಾಲ ಕಾಡಿ ಕೈಕಾಲುಗಳ ಗಂಟುಗಳನ್ನು ವಿಕಾರಗೊಳಿಸುವ ಸಂಧಿವಾತ ಬೇರೆ ಎಂದು ಅದರಲ್ಲಿ ಅವರು ವಿಂಗಡಿಸಿದರು. ಒಂದೇ ಎಂದು ಜನರೂ ವೈದ್ಯರೂ ನಂಬಿದ್ದುದನ್ನು ಎರಡೆಂದು ತೋರಿಸುವ ಈ ಕೆಲಸವೇ ಮುಂದೆ ಅವರ ಇಡೀ ಬಾಳಿನ ಕೆಲಸವಾಯಿತೆಂದರೆ ತಪ್ಪಾಗದು.

ಸಾಲ್ಪೇತ್ರಿಯೇರ್ ಎಂಬ ಲೋಕ

1862ರಲ್ಲಿ ಶಾರ್ಕೊ ಅವರು ಸಾಲ್ಪೇತ್ರಿಯೇರ್ ಆಸ್ಪತ್ರೆಯ ಒಂದು ವಿಭಾಗದ ಮುಖ್ಯಸ್ಥರಾಗಿ ನೇಮಕಗೊಂಡರು. ಆಗ ಅವರಿಗೆ 36 ವರ್ಷ. ಈ ಆಸ್ಪತ್ರೆಯ ಹೆಸರನ್ನು ನಮ್ಮ ಓದುಗರಲ್ಲಿ ಕೆಲವರು ಇನ್ನೊಂದು ಸಂದರ್ಭದಲ್ಲಿ ಕೇಳಿರಬಹುದು. 1997ರಲ್ಲಿ ಪ್ಯಾರಿಸಿನ ಕಾರು ಅಪಘಾತದಲ್ಲಿ ಗಾಯಗೊಂಡ ಬ್ರಿಟನ್ನಿನ ರಾಜವಧು ಡಯಾನಾ ಕೊನೆಯುಸಿರೆಳೆದುದು ಇದೇ ಆಸ್ಪತ್ರೆಯಲ್ಲಿ.

ಆ ಸ್ಥಳದಲ್ಲಿ ಮೊದಲು ಇದ್ದುದು ಕೋವಿಮದ್ದಿನ ಕಾರ್ಖಾನೆ. ಮದ್ದಿಗೆ ಬೇಕಾದ ಪೆಟ್ಲುಪ್ಪಿನಿಂದಲೇ ಅದಕ್ಕೆ ಆ ಹೆಸರು ಬಂತು. ಹದಿನೇಳನೆಯ ಶತಮಾನದಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಕಾಲದಲ್ಲಿ ಅದನ್ನು ದಿಕ್ಕಿಲ್ಲದ ಹೆಂಗಸರನ್ನು ಕೂಡಿಡುವ ಮನೆಯಾಗಿ ಮಾರ್ಪಡಿಸಿದರು. ಮುದುಕಿಯರು, ಭಿಕ್ಷುಕಿಯರು, ಬುದ್ಧಿ ಕೆಟ್ಟವರು, ಅಪಸ್ಮಾರದವರು, ಕೈಕಾಲು ಬಿದ್ದವರು, ಯಾರಿಗೂ ಬೇಡವಾದವರು ಎಲ್ಲರೂ ಅಲ್ಲಿಗೇ. ಹಿಂದೆ ಪಿನೆಲ್ ಎಂಬ ಮಹಾನುಭಾವ ವೈದ್ಯರು ಹುಚ್ಚರ ಸಂಕೋಲೆಯನ್ನು ಕಳಚಿಸಿದ ಕೀರ್ತಿ ಈ ಮನೆಗೆ ಇತ್ತಾದರೂ, ಶಾರ್ಕೊ ಬರುವ ಹೊತ್ತಿಗೆ ಮಹತ್ವಾಕಾಂಕ್ಷೆಯುಳ್ಳ ತರುಣ ವೈದ್ಯರು ಅಲ್ಲಿಗೆ ಹೋಗಲು ಹಿಂಜರಿಯುತ್ತಿದ್ದರು. ಗುಣವಾಗದ ರೋಗಿಗಳ ನಡುವೆ ಹೆಸರು ಗಳಿಸುವುದು ಹೇಗೆ?

ಒಳಗೆ ಸುಮಾರು ಐದು ಸಾವಿರ ಮಂದಿ ಇದ್ದರು. ಬೇರೆಯವರು ಕಸದ ರಾಶಿಯನ್ನು ಕಂಡಲ್ಲಿ ಶಾರ್ಕೊ ಅವರು ಯಾರೂ ಬಿಡಿಸಿ ಓದದ ಒಂದು ಗ್ರಂಥಭಂಡಾರವನ್ನು ಕಂಡರು. ಗೆಳೆಯ ವುಲ್ಪಿಯಾಂ ಎಂಬ ವೈದ್ಯರನ್ನು ಜೊತೆಗೆ ಕಟ್ಟಿಕೊಂಡು ಕೋಣೆಯಿಂದ ಕೋಣೆಗೆ, ಹಾಸಿಗೆಯಿಂದ ಹಾಸಿಗೆಗೆ ನಡೆದರು. ಪ್ರತಿಯೊಬ್ಬಳನ್ನೂ ಪರೀಕ್ಷಿಸಿದರು, ಯಾವ ಅವಯವ ಸೋತಿದೆ, ಯಾವುದು ನಡುಗುತ್ತದೆ, ಎಂದಿನಿಂದ ಎಂದು ಬರೆದಿಟ್ಟರು. ಅಲ್ಲಿಯ ತನಕ ಹೆಸರಿಲ್ಲದೆ ಮಲಗಿದ್ದವರ ಪಾಲಿಗೆ, ಒಬ್ಬ ವೈದ್ಯನು ತಮ್ಮ ಕಾಯಿಲೆಯ ಚರಿತ್ರೆಯನ್ನು ಕೇಳಿ ಬರೆದುಕೊಂಡುದು ಅದೇ ಮೊದಲಿರಬೇಕು.

ಬದುಕಿನಲ್ಲಿ ನೋಡು, ಸತ್ತ ಮೇಲೂ ನೋಡು

ಶಾರ್ಕೊ ಅವರ ವಿಧಾನಕ್ಕೆ ಎರಡು ಕಾಲುಗಳು. ಮೊದಲನೆಯದು, ರೋಗಿಯನ್ನು ವರ್ಷಗಟ್ಟಲೆ ಗಮನಿಸುವುದು. ಸಾಮಾನ್ಯ ಆಸ್ಪತ್ರೆಗಳಲ್ಲಿ ರೋಗಿ ನಾಲ್ಕು ದಿನ ಇದ್ದು ಹೋಗುತ್ತಾನೆ. ಸಾಲ್ಪೇತ್ರಿಯೇರಿನವರಿಗೆ ಹೋಗಲು ಮನೆಯೇ ಇರಲಿಲ್ಲ. ರೋಗವು ಹುಟ್ಟಿ ಬೆಳೆದು ಮುಗಿಯುವವರೆಗಿನ ದಾರಿಯನ್ನು ಅಲ್ಲಿ ಕಾಣಬಹುದಿತ್ತು. ಎರಡನೆಯದು, ರೋಗಿ ತೀರಿಕೊಂಡ ಬಳಿಕ ಶವಪರೀಕ್ಷೆ ನಡೆಸಿ, ಮಿದುಳು ಮತ್ತು ಬೆನ್ನುಹುರಿಯ ತೆಳುವಾದ ಪದರುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು. ಬದುಕಿದ್ದಾಗ ಕಂಡ ಲಕ್ಷಣಕ್ಕೂ ಸತ್ತ ಮೇಲೆ ಕಂಡ ಗಾಯಕ್ಕೂ ಗಂಟು ಹಾಕುವುದು. ಒಮ್ಮೆಗೆ ಸಿಕ್ಕಿದ ಗಂಟು ಆಕಸ್ಮಿಕವಿರಬಹುದು. ಹತ್ತು ಮಂದಿಯಲ್ಲಿ ಅದೇ ಗಂಟು ಸಿಕ್ಕಿದರೆ ಅದು ನಿಯಮ.

ಈ ತಾಳ್ಮೆಗೆ ಒಂದು ಉದಾಹರಣೆಯನ್ನು ಅವರ ಶಿಷ್ಯರಾಗಿದ್ದ ಸಿಗ್ಮಂಡ್ ಫ್ರಾಯ್ಡ್ ಬರೆದಿಟ್ಟಿದ್ದಾರೆ. ವಿದ್ಯಾರ್ಥಿಯಾಗಿದ್ದಾಗಲೇ ಶಾರ್ಕೊ ಅವರು ವಿಚಿತ್ರವಾಗಿ ಕೈ ನಡುಗುವ ಒಬ್ಬ ಹೆಂಗಸನ್ನು ಮನೆಗೆಲಸಕ್ಕೆ ಇಟ್ಟುಕೊಂಡರಂತೆ. ಆ ನಡುಕದ ದೆಸೆಯಿಂದ ಬೇರೆ ಯಾರೂ ಆಕೆಗೆ ಕೆಲಸ ಕೊಡುತ್ತಿರಲಿಲ್ಲ. ಆಕೆ ಒಡೆದ ಬಸಿ ಬಟ್ಟಲುಗಳ ಲೆಕ್ಕ ಸಣ್ಣದಾಗಿರಲಿಲ್ಲ. ಆದರೂ ಅವರು ಆಕೆಯನ್ನು ಬಿಡಲಿಲ್ಲ. ವರ್ಷಗಳ ಬಳಿಕ ಆಕೆ ತೀರಿಕೊಂಡಾಗ ಪರೀಕ್ಷಿಸಿ ನೋಡಿದರೆ, ಮಿದುಳು ಮತ್ತು ಬೆನ್ನುಹುರಿಯಲ್ಲಿ ಅಲ್ಲಲ್ಲಿ ಗಡುಸಾದ ಕಲೆಗಳು! ಇಂದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಕರೆಯುವ ರೋಗವನ್ನು 1868ರಲ್ಲಿ ಶಾರ್ಕೊ ಅವರು ಸ್ಪಷ್ಟವಾಗಿ ವಿವರಿಸಿದರು. ಇದು ದಯೆಯೋ ಕುತೂಹಲವೋ ಎಂದು ಕೇಳಿದರೆ, ಎರಡೂ ಇದ್ದಿರಬೇಕೆಂದೇ ನಾವು ಹೇಳಬೇಕಾಗುತ್ತದೆ.

ಆಜ್ಞೆಯನ್ನು ಒಯ್ಯುವ ಇಬ್ಬರು ಓಲೆಕಾರರು

ಶಾರ್ಕೊ ಅವರ ಮುಖ್ಯ ಶೋಧನೆಯನ್ನು ತಿಳಿಯಬೇಕಾದರೆ ನಮ್ಮ ಕೈಕಾಲು ಹೇಗೆ ಆಡುತ್ತದೆ ಎಂಬುದನ್ನು ಸ್ವಲ್ಪ ತಿಳಿದಿರಬೇಕು. ಕೈ ಎತ್ತಬೇಕೆಂಬ ಆಜ್ಞೆ ಹೊರಡುವುದು ಮಿದುಳಿನ ಮೇಲ್ಪದರದಿಂದ. ಅದನ್ನು ಸ್ನಾಯುವಿಗೆ ತಲಪಿಸಲು ಮುಖ್ಯವಾಗಿ ಇಬ್ಬರು ಓಲೆಕಾರರಿದ್ದಾರೆ ಎಂದು ಭಾವಿಸೋಣ. ಮೊದಲನೆಯವನು ಮಿದುಳಿನಿಂದ ಹೊರಟು, ಬೆನ್ನುಹುರಿಯ ಪಕ್ಕದ ದಾರಿಯಾಗಿ ಇಳಿದು ಬಂದು, ಬೆನ್ನುಹುರಿಯ ಮುಂಭಾಗದಲ್ಲಿ ಕಾದಿರುವ ಎರಡನೆಯವನ ಕೈಗೆ ಓಲೆಯನ್ನು ಕೊಡುತ್ತಾನೆ. ಎರಡನೆಯವನು ಅಲ್ಲಿಂದ ಹೊರಟು ನೇರವಾಗಿ ಸ್ನಾಯುವಿಗೆ ಮುಟ್ಟಿಸುತ್ತಾನೆ. ಸ್ನಾಯು ಕುಗ್ಗುತ್ತದೆ, ಕೈ ಏಳುತ್ತದೆ. ಇವೆಲ್ಲ ನಡೆಯಲು ಕ್ಷಣದ ಒಂದು ತುಣುಕು ಸಾಕು. ಈ ಓಲೆಕಾರರೇ ಚಾಲಕ ನರಕೋಶಗಳು, ಅಂದರೆ ಮೋಟಾರ್ ನ್ಯೂರಾನುಗಳು.

ಎರಡನೆಯ ಓಲೆಕಾರ ಸತ್ತರೆ ಸ್ನಾಯುವಿಗೆ ಆಜ್ಞೆ ಬರುವುದಿಲ್ಲ. ಅಷ್ಟೇ ಅಲ್ಲ, ನರದ ಸಂಗವಿಲ್ಲದ ಸ್ನಾಯು ಬದುಕಲಾರದು. ಅದು ಸಡಿಲವಾಗುತ್ತದೆ, ಚರ್ಮದಡಿಯಲ್ಲಿ ಹುಳ ಹರಿದಂತೆ ಮಿಡಿಯುತ್ತದೆ, ಕ್ರಮೇಣ ಕರಗುತ್ತದೆ. ಮೊದಲನೆಯವನು ಸತ್ತರೆ ಪರಿಣಾಮ ಬೇರೆ. ಮಿದುಳು ಆಜ್ಞೆಯನ್ನು ಮಾತ್ರವಲ್ಲ, ಅಂಕೆಯನ್ನೂ ಕಳುಹಿಸುತ್ತಿರುತ್ತದೆ. ಆ ಅಂಕೆ ತಪ್ಪಿದಾಗ ಸ್ನಾಯು ಹಗ್ಗ ಬಿಗಿದಂತೆ ಬಿಗಿಯುತ್ತದೆ, ಮೊಣಕಾಲ ಚಿಪ್ಪಿನ ಕೆಳಗೆ ಮೆಲ್ಲನೆ ತಟ್ಟಿದರೂ ಕಾಲು ಜೋರಾಗಿ ಒದೆಯುತ್ತದೆ.

ಶಾರ್ಕೊ ಅವರ ಕಾಲದಲ್ಲಿ ಇದಾವುದೂ ಹೀಗೆ ಸರಳವಾಗಿ ತಿಳಿದಿರಲಿಲ್ಲ. ಬೆನ್ನುಹುರಿಯಿಂದ ಮುಂದಕ್ಕೆ ಹೊರಡುವ ನರಬೇರುಗಳು ಚಲನೆಗೆ, ಹಿಂದಿನವು ಸ್ಪರ್ಶಜ್ಞಾನಕ್ಕೆ ಎಂಬುದನ್ನು ಬ್ರಿಟನ್ನಿನ ಬೆಲ್ ಮತ್ತು ಫ್ರಾನ್ಸಿನ ಮಾಜಾಂದಿ ಎಂಬವರು ಮೊದಲೇ ತಿಳಿಸಿದ್ದರು. ಸ್ನಾಯುಗಳು ಕರಗುತ್ತ ಹೋಗುವ ರೋಗವನ್ನು ಆರಾಂ ಮತ್ತು ದ್ಯುಶೆನ್ ಎಂಬ ಫ್ರೆಂಚ್ ವೈದ್ಯರು ವರ್ಣಿಸಿದ್ದರು. ಈ ದ್ಯುಶೆನ್ ಅವರು ಚರ್ಮದ ಮೇಲಿನಿಂದ ವಿದ್ಯುತ್ತನ್ನು ಹಾಯಿಸಿ ಒಂದೊಂದೇ ಸ್ನಾಯುವನ್ನು ಪರೀಕ್ಷಿಸುತ್ತಿದ್ದವರು. ಅವರನ್ನು ಶಾರ್ಕೊ ಗುರುವೆಂದೇ ಗೌರವಿಸುತ್ತಿದ್ದರು. ಆದರೆ ರೋಗದ ಬೇರು ಸ್ನಾಯುವಿನಲ್ಲಿಯೋ ನರದಲ್ಲಿಯೋ ಎಂಬ ವಾದ ಮುಗಿದಿರಲಿಲ್ಲ. ನ್ಯೂರಾನ್ ಎಂಬ ಶಬ್ದವೇ ಹುಟ್ಟಿದುದು 1891ರಲ್ಲಿ.

1865ರಲ್ಲಿ ಶಾರ್ಕೊ ಒಬ್ಬ ಹೆಂಗಸಿನ ವೃತ್ತಾಂತವನ್ನು ಪ್ರಕಟಿಸಿದರು. ಆಕೆಯ ಕೈಕಾಲು ನಾಲ್ಕೂ ಮರದಂತೆ ಸೆಟೆದಿದ್ದವು. ಆಕೆಯನ್ನು ಹಿಸ್ಟೀರಿಯಾದ ರೋಗಿಯೆಂದು ಬರೆದುಕೊಂಡಿದ್ದರು. ಶವಪರೀಕ್ಷೆಯಲ್ಲಿ ನೋಡಿದರೆ ಬೆನ್ನುಹುರಿಯ ಎರಡೂ ಪಕ್ಕದ ಕಂಬಗಳು ಮೇಲಿನಿಂದ ಕೆಳಗಿನ ತನಕ ಗಡುಸಾಗಿದ್ದವು. ಮೊದಲನೆಯ ಓಲೆಕಾರನ ದಾರಿ ಅದೇ. ಆಕೆಯ ಸೆಟೆತ ಮನಸ್ಸಿನ ಆಟವಲ್ಲ, ಬೆನ್ನುಹುರಿಯ ಗಾಯವೆಂಬುದಕ್ಕೆ ಕಣ್ಣೆದುರಿನ ಸಾಕ್ಷಿ ದೊರೆಯಿತು.

1869ರಲ್ಲಿ ಜೊಫ್ರ್ವಾ ಎಂಬ ತರುಣ ಸಹಾಯಕರೊಡನೆ ಅವರು ಇನ್ನು ಕೆಲವು ರೋಗಿಗಳ ಬೆನ್ನುಹುರಿಯನ್ನು ಪರೀಕ್ಷಿಸಿದರು. ಇವರಲ್ಲಿ ಸ್ನಾಯುಗಳು ಕರಗಿಯೂ ಇದ್ದವು. ಪಕ್ಕದ ಕಂಬಗಳು ಹಾಳಾದುದಲ್ಲದೆ ಬೆನ್ನುಹುರಿಯ ಮುಂಭಾಗದ ಬೂದು ಬಣ್ಣದ ಭಾಗದಲ್ಲಿದ್ದ ದೊಡ್ಡ ಕೋಶಗಳೂ ಸುಕ್ಕಿಹೋಗಿದ್ದವು, ಎಷ್ಟೋ ಕಡೆ ಮಾಯವಾಗಿದ್ದವು. ಇಬ್ಬರು ಓಲೆಕಾರರೂ ಸತ್ತಿದ್ದರು. ಆದುದರಿಂದಲೇ ಒಂದೇ ದೇಹದಲ್ಲಿ ಬಿಗಿತವೂ ಇತ್ತು, ಸವೆತವೂ ಇತ್ತು. 1874ರ ಉಪನ್ಯಾಸಗಳಲ್ಲಿ ಈ ರೋಗಕ್ಕೆ ಅವರು ಇಟ್ಟ ಹೆಸರು ಅಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೆರೋಸಿಸ್. ಹೆಸರು ಕೇಳಲು ಕಠಿನವಾದರೂ ಅದರೊಳಗೆ ಇಡೀ ಶೋಧನೆ ಅಡಗಿದೆ. ಮೊದಲ ಪದಕ್ಕೆ ಸ್ನಾಯುವಿಗೆ ಪೋಷಣೆ ಇಲ್ಲವೆಂದು ಅರ್ಥ, ಎರಡನೆಯದು ಬೆನ್ನುಹುರಿಯ ಪಕ್ಕ, ಮೂರನೆಯದು ಗಡುಸಾಗುವುದು. ಮೊದಲಕ್ಷರಗಳನ್ನು ಕೂಡಿಸಿ ಇಂದು ಎ.ಎಲ್.ಎಸ್. ಎನ್ನುತ್ತಾರೆ. ಅಮೇರಿಕದಲ್ಲಿ ಇದು 1941ರಲ್ಲಿ ಇದಕ್ಕೆ ಬಲಿಯಾದ ಬೇಸ್‌ಬಾಲ್ ಆಟಗಾರ ಲೂ ಗೆರಿಗ್ ಅವರ ಹೆಸರಿನಿಂದ ಪ್ರಸಿದ್ಧ.

ರೋಗವು ಬರುವ ಬಗೆಯನ್ನೂ ಶಾರ್ಕೊ ಹೇಳಿದರು. ಅನೇಕರಲ್ಲಿ ಮೊದಲು ಕೈಯ ಹೆಬ್ಬೆರಳಿನ ಬುಡದ ಮಾಂಸ ಸವೆಯುತ್ತದೆ. ಅಂಗಿಯ ಗುಬ್ಬಿ ಹಾಕುವುದು, ಬೀಗ ತಿರುಗಿಸುವುದು ಕಷ್ಟವಾಗುತ್ತದೆ. ಕಾಲು ಬಿಗಿಯುತ್ತದೆ. ನಾಲಗೆ ಸೋತು ಮಾತು ತೊದಲುತ್ತದೆ, ಅನ್ನ ಗಂಟಲಲ್ಲಿ ನಿಲ್ಲುತ್ತದೆ. ಕೊನೆಗೆ ಉಸಿರಾಟದ ಸ್ನಾಯುಗಳು ಕೈಬಿಡುತ್ತವೆ. ಮುಟ್ಟಿದ್ದು ತಿಳಿಯುತ್ತದೆ, ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ. ಕೆಲವರಲ್ಲಿ ಬುದ್ಧಿಯ ಮೇಲೂ ಪರಿಣಾಮವಾಗುವುದುಂಟೆಂದು ಇಂದಿನ ವೈದ್ಯರು ಕಂಡುಕೊಂಡಿದ್ದಾರೆ. ಹೆಚ್ಚಿನವರಲ್ಲಿ ಮನಸ್ಸು ಎಚ್ಚರವಾಗಿಯೇ ಇರುತ್ತದೆ. ಗುಣವಾದ ಒಬ್ಬ ರೋಗಿಯನ್ನೂ ತಾನು ಕಂಡಿಲ್ಲವೆಂದು ಶಾರ್ಕೊ ಮುಚ್ಚುಮರೆಯಿಲ್ಲದೆ ತಿಳಿಸಿದರು. ಈ ತೀರ್ಪು ಶಾಶ್ವತವೇ ಎಂಬುದನ್ನು ಮುಂದಿನ ಕಾಲಕ್ಕೆ ಬಿಟ್ಟರು.

ಬೇರೆ ಬೇರೆ ಎಳೆಗಳು

ಇದೇ ಜಾಡಿನಲ್ಲಿ ನಡೆದು ಶಾರ್ಕೊ ಮತ್ತು ಜೊಫ್ರ್ವಾ 1870ರಲ್ಲಿ ಎಳೆಯ ಮಕ್ಕಳ ಪಾರ್ಶ್ವವಾಯುವಿನ ಕಾರಣವನ್ನೂ ತೋರಿಸಿದರು. ಅದರಲ್ಲಿ ಸಾಯುವುದು ಎರಡನೆಯ ಓಲೆಕಾರ ಮಾತ್ರ. ನಮ್ಮ ಊರುಗಳಲ್ಲಿ ಎಷ್ಟೋ ಮಕ್ಕಳ ಕಾಲನ್ನು ಕಸಿದುಕೊಂಡ ಪೋಲಿಯೋ ಅದುವೇ. ಲಸಿಕೆಯ ಬಲದಿಂದ 2014ರಲ್ಲಿ ನಮ್ಮ ದೇಶ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆ ದೀರ್ಘ ದಾರಿಯಲ್ಲಿ ಬೆನ್ನುಹುರಿಯ ಯಾವ ಕೋಶಕ್ಕೆ ಪೆಟ್ಟು ಬೀಳುತ್ತದೆಂದು ತಿಳಿದುದು ಒಂದು ಮೈಲುಗಲ್ಲು.

1886ರಲ್ಲಿ ಪಿಯೇರ್ ಮಾರೀ ಎಂಬ ಶಿಷ್ಯರೊಡನೆ ಅವರು ವಂಶಪಾರಂಪರ್ಯವಾಗಿ ಬರುವ ಇನ್ನೊಂದು ಸವೆತವನ್ನು ವಿವರಿಸಿದರು. ಅದರಲ್ಲಿ ಪಾದ ಮತ್ತು ಮೀನಖಂಡಗಳು ಮೊದಲು ಸೊರಗುತ್ತವೆ. ಅದೇ ವರ್ಷ ಇಂಗ್ಲೆಂಡಿನ ಟೂತ್ ಎಂಬವರೂ ಅದನ್ನು ವರ್ಣಿಸಿದುದರಿಂದ ಮೂವರ ಹೆಸರೂ ಅದಕ್ಕೆ ಸೇರಿಕೊಂಡಿದೆ. ಕಂಪವಾತದ ಕುರಿತಾಗಿಯೂ ಅವರ ಕೆಲಸ ದೊಡ್ಡದು. 1817ರಲ್ಲಿ ಲಂಡನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು ಅದರ ಬಗೆಗೆ ಒಂದು ಕಿರುಹೊತ್ತಗೆ ಬರೆದಿದ್ದರು. ಲೋಕ ಅದನ್ನು ಹೆಚ್ಚು ಗಮನಿಸಿರಲಿಲ್ಲ. ಆ ರೋಗಕ್ಕೆ ಪಾರ್ಕಿನ್ಸನ್ನರ ಹೆಸರೇ ಸಲ್ಲಬೇಕೆಂದವರು ಶಾರ್ಕೊ. ತನ್ನ ಹೆಸರಿಗಾಗಿ ಹವಣಿಸುವ ಕಾಲದಲ್ಲಿ ಇನ್ನೊಬ್ಬನ, ಅದೂ ಪರದೇಶದವನ, ಮರೆತುಹೋದ ಹೆಸರನ್ನು ಎತ್ತಿ ಹಿಡಿದುದು ಸಣ್ಣ ಗುಣವಲ್ಲ.

ಗುರುವಿನ ಗದ್ದುಗೆ

1872ರಲ್ಲಿ ಶಾರ್ಕೊ ಪ್ಯಾರಿಸಿನ ವೈದ್ಯಕೀಯ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1882ರಲ್ಲಿ ಅವರಿಗಾಗಿಯೇ ನರರೋಗಗಳ ಪ್ರಾಧ್ಯಾಪಕ ಪೀಠವೊಂದನ್ನು ಫ್ರೆಂಚ್ ಸರಕಾರ ಸ್ಥಾಪಿಸಿತು. ಮಂಗಳವಾರ ಮತ್ತು ಶುಕ್ರವಾರದ ಅವರ ಪಾಠಗಳಿಗೆ ವೈದ್ಯರು ಮಾತ್ರವಲ್ಲದೆ ಸಾಹಿತಿಗಳೂ ಪತ್ರಕರ್ತರೂ ನಟರೂ ಬರುತ್ತಿದ್ದರು. ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಬೆನ್ನುಹುರಿಯನ್ನು ಚಿತ್ರಿಸುತ್ತಿದ್ದರು. ರೋಗಿಯ ನಡಿಗೆಯನ್ನು ತಾವೇ ನಡೆದು ತೋರಿಸುತ್ತಿದ್ದರು. ನಡುಕದಲ್ಲಿಯ ಭೇದ ಹಿಂದಿನ ಸಾಲಿನವರಿಗೂ ಕಾಣಲೆಂದು ರೋಗಿಗಳ ಟೊಪ್ಪಿಗೆ ಉದ್ದುದ್ದ ಗರಿಗಳನ್ನು ಸಿಕ್ಕಿಸುತ್ತಿದ್ದರು.

ಶಿಷ್ಯರ ಪಟ್ಟಿಯೇ ಒಂದು ಚರಿತ್ರೆ. ಅಂಗಾಲನ್ನು ಗೀರಿ ನೋಡುವ ಪರೀಕ್ಷೆಗೆ ತನ್ನ ಹೆಸರನ್ನು ಕೊಟ್ಟ ಬಾಬಿನ್ಸ್ಕಿ, ತುರೆತ್ ರೋಗವನ್ನು ವರ್ಣಿಸಿದ ಜಿಲ್ ದ ಲಾ ತುರೆತ್, ಪಿಯೇರ್ ಮಾರೀ ಮುಂತಾದವರೆಲ್ಲ ಅಲ್ಲಿ ಬೆಳೆದವರು. ವಿಯೆನ್ನಾದಿಂದ 1885ರಲ್ಲಿ ಬಂದ ಫ್ರಾಯ್ಡ್ ಕೆಲವೇ ತಿಂಗಳಿದ್ದರೂ ಗುರುವಿನ ಪಾಠಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿದರು, ಹಿರಿಯ ಮಗನಿಗೆ ಗುರುವಿನ ಹೆಸರನ್ನೇ ಇಟ್ಟರು.

ಕಣ್ಣು ತಪ್ಪಿದ ಕಡೆ

ಶಾರ್ಕೊ ಅವರ ಕತೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ಸತ್ಯಕ್ಕೆ ಅಪಚಾರ ಮಾಡಿದಂತಾಗುತ್ತದೆ. 1870ರ ದಶಕದ ಉತ್ತರಾರ್ಧದಿಂದ ಅವರ ಗಮನ ಹಿಸ್ಟೀರಿಯಾ ಮತ್ತು ಸಂಮೋಹನ ವಿದ್ಯೆಯ ಕಡೆಗೆ ಹರಿಯಿತು. ಶರೀರದಲ್ಲಿ ಯಾವ ಗಾಯವೂ ಕಾಣದೆ ಕೈಕಾಲು ಸೋಲುವ, ಮೂರ್ಛೆ ಹೋಗುವ ಈ ಸ್ಥಿತಿಗೂ ನಿಶ್ಚಿತವಾದ ನಿಯಮಗಳಿವೆಯೆಂದು ಅವರು ನಂಬಿದರು. ಅದು ನಟನೆಯಲ್ಲ, ನಿಜವಾದ ಬೇನೆ; ಹೆಂಗಸರಿಗೆ ಮಾತ್ರವಲ್ಲ, ಗಂಡಸರಿಗೂ ಬರುತ್ತದೆ ಎಂದು ಅವರು ಸಾರಿದುದು ಒಳ್ಳೆಯದೇ ಆಯಿತು. ಆದರೆ ಸಂಮೋಹನಕ್ಕೆ ಒಳಗಾದ ಹೆಂಗಸರನ್ನು ಸಭೆಯ ಮುಂದೆ ನಿಲ್ಲಿಸಿ ಮೂರ್ಛೆ, ಸೆಟೆತ, ನಿದ್ರಾಚಾರ ಎಂದು ಹಂತ ಹಂತವಾಗಿ ತೋರಿಸುವ ಪ್ರದರ್ಶನ ಬೆಳೆಯುತ್ತ ಹೋಯಿತು. 1887ರಲ್ಲಿ ಬ್ರೂಯೇ ಎಂಬ ಕಲಾವಿದರು ಬರೆದ ಪ್ರಸಿದ್ಧ ಚಿತ್ರದಲ್ಲಿ ಈ ದೃಶ್ಯವೇ ಇದೆ: ತುಂಬಿದ ಸಭೆಯೆಲ್ಲ ಗಂಡಸರು, ನಡುವೆ ಮೈಮರೆತು ವಾಲಿದ ಒಬ್ಬ ಹೆಂಗಸು.

ನಾನ್ಸಿ ನಗರದ ಬರ್ನ್‌ಹೈಮ್ ಎಂಬ ವೈದ್ಯರು ಇದನ್ನು ವಿರೋಧಿಸಿದರು. ರೋಗಿಗಳು ತೋರಿಸುತ್ತಿರುವುದು ರೋಗದ ನಿಯಮವನ್ನಲ್ಲ, ವೈದ್ಯರು ಅರಿತೋ ಅರಿಯದೆಯೋ ಅವರಲ್ಲಿ ತುಂಬಿದ ನಿರೀಕ್ಷೆಯನ್ನು ಎಂಬುದು ಅವರ ವಾದ. ಕಾಲವು ಬರ್ನ್‌ಹೈಮರ ಪಕ್ಷವನ್ನೇ ಹಿಡಿಯಿತು. ಬೆನ್ನುಹುರಿಯ ವಿಷಯದಲ್ಲಿ ಶಾರ್ಕೊ ಅವರನ್ನು ತಿದ್ದಲು ಸೂಕ್ಷ್ಮದರ್ಶಕವಿತ್ತು. ಇಲ್ಲಿ ತಿದ್ದುವ ಸಾಕ್ಷಿಯೇ ಇರಲಿಲ್ಲ, ಸುತ್ತಲಿದ್ದವರು ಎದುರಾಡುವವರೂ ಅಲ್ಲ. ಪ್ರದರ್ಶನದಲ್ಲಿ ನಿಂತ ಹೆಂಗಸರಾದರೋ ಬಡವರು, ಅನ್ನ ವಸತಿಗೆ ಆಸ್ಪತ್ರೆಯನ್ನೇ ನಂಬಿದವರು. ಬೇಡವೆನ್ನುವ ಸ್ವಾತಂತ್ರ್ಯ ಅವರಿಗೆ ಎಷ್ಟಿದ್ದೀತು? ಹೆಚ್ಚು ಹೆಚ್ಚು ಚಿತ್ರ ತೆಗೆಸಿಕೊಂಡ ಒಬ್ಬ ಹುಡುಗಿ 1880ರಲ್ಲಿ ಗಂಡಸಿನ ವೇಷ ಹಾಕಿ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಹೋದಳೆಂಬುದು ದಾಖಲೆಯಲ್ಲಿದೆ. ಆ ಒಂದು ಸಂಗತಿಯೇ ಸಾಕಷ್ಟು ಹೇಳುತ್ತದೆ. ಬದುಕಿನ ಕೊನೆಯಲ್ಲಿ ಶಾರ್ಕೊ ತಮ್ಮ ಅಭಿಪ್ರಾಯವನ್ನು ಮರುಪರಿಶೀಲಿಸುವ ಯೋಚನೆಯಲ್ಲಿದ್ದರೆಂದು ಅವರ ಕಾರ್ಯದರ್ಶಿ ಮುಂದೆ ಬರೆದರು. ಅದಕ್ಕೆ ಕಾಲ ಒದಗಲಿಲ್ಲ.

ಮನೆ ಮತ್ತು ಮರಣ

ಮನುಷ್ಯನಾಗಿ ಶಾರ್ಕೊ ಗಂಭೀರ ಸ್ವಭಾವದವರು, ಅಧಿಕಾರದ ಗತ್ತಿನವರು. ಕುಳ್ಳನೆಯ ದೇಹ, ಬೋಳಿಸಿದ ಮುಖ. ನೋಡಿದವರಿಗೆ ನೆಪೋಲಿಯನ್ನನ ನೆನಪಾಗುತ್ತಿತ್ತಂತೆ. ಬ್ರೆಜಿಲಿನ ಚಕ್ರವರ್ತಿಯೂ ಅವರ ರೋಗಿ. 1864ರಲ್ಲಿ ಅವರು ಒಬ್ಬ ವಿಧವೆಯನ್ನು ಮದುವೆಯಾದರು. ಮಗಳು ಜಾನ್, ಮಗ ಜಾಂ ಬಾತಿಸ್ತ್. ಮಗ ತಂದೆಯ ಇಚ್ಛೆಯಂತೆ ವೈದ್ಯನಾದರೂ ಮನಸ್ಸು ಸಮುದ್ರದ ಮೇಲೆ. ದಕ್ಷಿಣ ಧ್ರುವ ಪ್ರದೇಶದ ಅನ್ವೇಷಕನೆಂದು ಖ್ಯಾತಿ ಪಡೆದು, 1936ರಲ್ಲಿ ಐಸ್‌ಲ್ಯಾಂಡಿನ ಬಳಿ ಹಡಗು ಒಡೆದು ತೀರಿಕೊಂಡರು.

ಶಾರ್ಕೊ ಅವರನ್ನು ಕೊನೆಗೆ ಹೃದಯದ ಬೇನೆ ಕಾಡುತ್ತಿತ್ತು. 1893ರ ಆಗಸ್ಟ್ ತಿಂಗಳಲ್ಲಿ ಸ್ನೇಹಿತರೊಡನೆ ಮೊರ್ವಾಂ ಎಂಬ ಗುಡ್ಡಗಾಡು ಪ್ರದೇಶಕ್ಕೆ ವಿಶ್ರಾಂತಿಗೆಂದು ಹೋಗಿದ್ದರು. ಅಲ್ಲಿಯ ಸರೋವರದ ಬಳಿಯ ವಸತಿಗೃಹದಲ್ಲಿ ರಾತ್ರಿ ಉಸಿರು ಕಟ್ಟಿತು. ಆಗಸ್ಟ್ 16ರಂದು ಕೊನೆಯುಸಿರೆಳೆದರು. ಆಗ ಅವರಿಗೆ 67 ವರ್ಷ. ಸಾಲ್ಪೇತ್ರಿಯೇರಿನ ಬಾಗಿಲಲ್ಲಿ 1898ರಲ್ಲಿ ನಿಲ್ಲಿಸಿದ ಅವರ ಕಂಚಿನ ಪ್ರತಿಮೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹಕ್ಕಾಗಿ ಕರಗಿಹೋಯಿತು. ಅವರ ಪಾಠಗಳಿಗೆ ಆ ಗತಿ ಬರಲಿಲ್ಲ.

ಶಾರ್ಕೊ ಬಿಟ್ಟುಹೋದ ಪ್ರಶ್ನೆ

ಅವರು ಮುಂದಿನ ಕಾಲಕ್ಕೆ ಬಿಟ್ಟ ಪ್ರಶ್ನೆಗೆ ಉತ್ತರ ಏನಾಯಿತು? ಅವರು ತೀರಿಕೊಂಡು ಸರಿಯಾಗಿ ನೂರು ವರ್ಷಗಳ ಬಳಿಕ, 1993ರಲ್ಲಿ, ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಈ ರೋಗ ಬರಲು ಕಾರಣವಾದ ಎಸ್.ಒ.ಡಿ.1 ಎಂಬ ಜೀನು ಪತ್ತೆಯಾಯಿತು. 1995ರಲ್ಲಿ ಅಮೇರಿಕದಲ್ಲಿ ರಿಲುಜೋಲ್ ಎಂಬ ಔಷಧಕ್ಕೆ ಮನ್ನಣೆ ದೊರೆಯಿತು. ಅದು ರೋಗಿಗೆ ಕೆಲವು ತಿಂಗಳುಗಳನ್ನು ಕೊಡುತ್ತದೆ. 2023ರಲ್ಲಿ ಆ ಜೀನಿನ ದೋಷವುಳ್ಳವರಿಗೆಂದೇ ಟೋಫರ್ಸೆನ್ ಎಂಬ ಮದ್ದು ಅಲ್ಲಿ ಬಂತು. ರೋಗಿಗಳಲ್ಲಿ ನೂರಕ್ಕೆ ಹತ್ತರಷ್ಟು ಮಂದಿಗೆ ಮಾತ್ರ ಇದು ವಂಶದಲ್ಲಿ ಬರುವಂಥದು; ಉಳಿದವರಲ್ಲಿ ಕಾರಣ ಇನ್ನೂ ಶೋಧನೆಯ ವಿಷಯ. ಹೆಚ್ಚಿನವರ ಆಯುಸ್ಸು ಲಕ್ಷಣ ಕಂಡ ಬಳಿಕ ಎರಡರಿಂದ ಐದು ವರ್ಷ. ಪೂರ್ಣವಾಗಿ ಗುಣಪಡಿಸುವ ಮದ್ದು ಇನ್ನೂ ದೊರೆತಿಲ್ಲ.

ಗುಣಪಡಿಸಲಾಗದ ರೋಗಕ್ಕೆ ಹೆಸರಿಟ್ಟು ಏನು ಫಲ ಎಂದು ಯಾರಾದರೂ ಕೇಳಬಹುದು. ನಮ್ಮ ದಕ್ಷಿಣ ಭಾರತದ್ದೇ ಒಂದು ಉತ್ತರವುಂಟು. 1970ರಲ್ಲಿ ಮದರಾಸಿನ ವೈದ್ಯರು ಎಳೆಯ ಪ್ರಾಯದವರಲ್ಲಿ ಬರುವ ಒಂದು ಬಗೆಯ ಮೋಟಾರ್ ನ್ಯೂರಾನ್ ರೋಗವನ್ನು ಗುರುತಿಸಿದರು. ಕೈಕಾಲು ಸೊರಗುವುದರ ಜೊತೆಗೆ ಕಿವಿಯೂ ಮಂದವಾಗುತ್ತದೆ. ಆದರೆ ಅದು ಬಹಳ ನಿಧಾನ. ರೋಗಿಗಳು ದಶಕಗಳ ಕಾಲ ಬಾಳುತ್ತಾರೆ. ಅದಕ್ಕೆ ಮದರಾಸ್ ಮೋಟಾರ್ ನ್ಯೂರಾನ್ ರೋಗವೆಂದೇ ಹೆಸರು. 1984ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಗೌರೀದೇವಿ ಮತ್ತು ಸಂಗಡಿಗರು ಇನ್ನೊಂದು ಬಗೆಯನ್ನು ವರ್ಣಿಸಿದರು. ಅದು ಹೆಚ್ಚಾಗಿ ತರುಣರ ಒಂದೇ ಕೈ ಅಥವಾ ಒಂದೇ ಕಾಲನ್ನು ಹಿಡಿಯುತ್ತದೆ, ಕೆಲವು ವರ್ಷ ಬೆಳೆದು ಅಲ್ಲಿಗೇ ನಿಲ್ಲುತ್ತದೆ. ಇಪ್ಪತ್ತರ ಹರೆಯದ ಮಗನ ಕೈ ಸೊರಗುವುದನ್ನು ಕಂಡು ಕಂಗೆಟ್ಟ ತಂದೆತಾಯಿಗೆ, ಇದು ಜೀವಕ್ಕೆ ಅಪಾಯವಿಲ್ಲದ ಬಗೆಯೆಂದು ವೈದ್ಯರು ಹೇಳಬಲ್ಲರಾದರೆ, ಆ ಒಂದು ಮಾತಿನ ಬೆಲೆಯನ್ನು ಕಟ್ಟುವವರಾರು? ಒಂದನ್ನು ಇನ್ನೊಂದರಿಂದ ಬಿಡಿಸಿ ನೋಡುವ ಶಾರ್ಕೊ ಅವರ ವಿದ್ಯೆ ಇಲ್ಲಿ ನಮ್ಮ ಮನೆಬಾಗಿಲಿಗೆ ಬಂದಿದೆ.

ಜೀವಕ್ಕೆ ಅಪಾಯವಿರುವ ಬಗೆಯೇ ಆದರೂ ಮಾಡುವುದು ಏನೂ ಉಳಿದಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಉಸಿರಾಟಕ್ಕೆ ನೆರವಾಗುವ ಯಂತ್ರ, ನುಂಗಲಾಗದವರಿಗೆ ನಳಿಗೆಯ ಮೂಲಕ ಆಹಾರ, ಕೈಕಾಲಿಗೆ ತಕ್ಕ ವ್ಯಾಯಾಮ, ಮಾತು ನಿಂತವರಿಗೆ ಕಣ್ಣಿನ ಚಲನೆಯಿಂದಲೇ ಅಕ್ಷರ ತೋರಿಸುವ ಉಪಕರಣ ಇವೆಲ್ಲ ಈಗ ಉಂಟು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಮೊಳೆತ ಸಾಂತ್ವನ ಚಿಕಿತ್ಸೆಯ ಚಳವಳಿಯು ಕೇರಳದಲ್ಲಿ ಊರೂರಿಗೆ ಹಬ್ಬಿತು. 2008ರಲ್ಲಿ ರಾಜ್ಯ ಸರಕಾರವೂ ಅದಕ್ಕಾಗಿ ನೀತಿಯೊಂದನ್ನು ಪ್ರಕಟಿಸಿತು. ಹಾಸಿಗೆ ಹಿಡಿದವರ ಮನೆಗೆ ದಾದಿಯರು ಬಂದು ನೋಡುವ ಏರ್ಪಾಡು ಆ ಮೂಲಕ ಪಂಚಾಯತುಗಳಿಗೆ ತಲಪಿದೆ. ಮನೆಯಲ್ಲಿ ಇಂಥ ರೋಗಿಯಿರುವವರು ಕೇಳಲು ಸಂಕೋಚಪಡಬಾರದು.

ಮಾತಾಡಲಾರದೆ, ಕದಲಲಾರದೆ ಮಲಗಿದವರ ಕಿವಿ ಎಚ್ಚರವಾಗಿದೆ, ಮನಸ್ಸು ಎಚ್ಚರವಾಗಿದೆ ಎಂಬುದನ್ನು ಅವರ ಸುತ್ತ ನಿಂತು ಮಾತಾಡುವ ನಾವು ಮರೆಯಬಾರದು. ಸಾಲ್ಪೇತ್ರಿಯೇರಿನ ದಿಕ್ಕಿಲ್ಲದ ಹೆಂಗಸರ ಹಾಸಿಗೆಯ ಬಳಿ ನಿಂತು ಒಬ್ಬ ವೈದ್ಯರು ಕಲಿತ ಮೊದಲ ಪಾಠಗಳಲ್ಲಿ ಇದೂ ಒಂದು.